ಎಡಗಾಲಿನಲ್ಲಿ ಬಲಗಾಲಿನ ಶೂ

ಬೇರೆಯವರ ಮಕ್ಕಳ ಪಾದ ಅಂಗೈಯಲ್ಲಿರುವಾಗ ಅವಳಿಗೆ ಯಾವತ್ತೂ ಸಿಟ್ಟು ಬಂದದ್ದಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಎಷ್ಟು ಪಾದಗಳು! ಬೆವರಿದವು, ಮಣ್ಣಾದವು, ಕಾಲುಚೀಲದ ನೂಲು ಬೆರಳಸಂದಿಯಲ್ಲಿ ಸಿಕ್ಕಿಕೊಂಡವು, ಒದೆಯುವವು, ಹೆದರಿ ಮುದುಡಿಕೊಳ್ಳುವವು. ಅಂಗಡಿಯ ಗಿಡ್ಡ ಸ್ಟೂಲಿನ ಮೇಲೆ ಕೂತು, ಅಳತೆಯ ಹಲಗೆಗೆ ಹಿಮ್ಮಡಿಯನ್ನು ಒತ್ತಿಟ್ಟು, ಹೆಬ್ಬೆರಳಿನ ತುದಿಯವರೆಗೆ ಪಟ್ಟಿ ಸರಿಸಿ ನಂಬರು ಓದುವಷ್ಟರಲ್ಲಿ ಎಂಥ ರಚ್ಚೆ ಹಿಡಿದ ಮಗುವೂ ಸುಮ್ಮನಾಗುತ್ತಿತ್ತು. ಹೊಸ ಶೂ ತೊಡಿಸಿದ ಮೇಲೆ ಅದರ ಮೂತಿಯನ್ನು ಹೆಬ್ಬೆಟ್ಟಿನಿಂದ ಒತ್ತುತ್ತಾ “ಇಲಿ ಎಲ್ಲಿ? ಇಲ್ಲೇ ಎಲ್ಲೋ ಇತ್ತಲ್ಲ, ಓಡಿಹೋಯ್ತಾ?” ಎಂದು ಹುಡುಕುವುದು ಅವಳೇ ಕಟ್ಟಿದ ಆಟ. ಬೆರಳಿಗೆ ಜಾಗ ಇದೆಯೋ ಇಲ್ಲವೋ ಮಕ್ಕಳನ್ನು ಕೇಳಿದರೆ ಗೊತ್ತಾಗುವುದಿಲ್ಲ. ಹೊಳೆಯುವ ಶೂ ಎಷ್ಟು ಕಚ್ಚಿದರೂ ಸರಿಯಾಗಿದೆ ಅನ್ನುತ್ತವೆ. ಇಲಿ ಹುಡುಕಿದರೆ ಗೊತ್ತಾಗುತ್ತದೆ. “ಅಳೋ ಮಗು ಬಂದ್ರೆ ಅಕ್ಕನ್ನ ಕರೀರಿ” ಎಂಬುದು ಅಂಗಡಿಯಲ್ಲಿ ಯಜಮಾನರ ಅಪ್ಪನ ಕಾಲದಿಂದ ನಡೆದು ಬಂದ ಮಾತು. ಅದನ್ನು ಕೇಳಿದಾಗಲೆಲ್ಲ ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ತಲೆ ತಗ್ಗಿಸುತ್ತಿದ್ದುದು ವಿನಯದಿಂದ ಎಂದು ಎಲ್ಲರೂ ತಿಳಿದುಕೊಂಡಿದ್ದರು.

ಇವತ್ತು ಮಾತ್ರ ಅವಳು ಪಟ್ಟಿಯ ನಂಬರನ್ನು ಎರಡೆರಡು ಸಲ ಓದುತ್ತಿದ್ದಳು. ಬೆನ್ನ ಹಿಂದೆ, ಗೋಡೌನಿನ ಬಾಗಿಲ ಪಕ್ಕದಲ್ಲಿ, ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಅವಳ ಸ್ವಂತ ಮೊಮ್ಮಗು ಕೂತಿತ್ತು. ಮೂರೂವರೆ ವರ್ಷದ ಹುಡುಗಿ. ಅತ್ತರೆ ಬೀದಿಯ ತುದಿಗೆ ಕೇಳಿಸುವ ದನಿ. ಅದಕ್ಕೇ ಈ ಅಜ್ಜಿ ಇಟ್ಟ ಹೆಸರು ಜೀರುಂಡೆ. ಇವತ್ತು ಅಜ್ಜಿಗೆ ರಜೆ. ಕೇಳಿ ಪಡೆದ ರಜೆ. ಆದರೆ ಸೋಮವಾರ ಶಾಲೆಗಳು ಶುರು, ಶನಿವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬೆಳಿಗ್ಗೆಯೇ ಯಜಮಾನರ ಫೋನು: “ಅಕ್ಕಾ, ಕೈ ಮುಗೀತೀನಿ, ಇವತ್ತೊಂದು ದಿನ ಬನ್ನಿ. ಮಗೂನೂ ಕರ್ಕೊಂಡೇ ಬನ್ನಿ.” ಅಷ್ಟು ಹೊತ್ತಿಗೆ ಮಗಳು ಮಗುವನ್ನು ಬಿಟ್ಟು ಹೊರಟುಹೋಗಿದ್ದಳು. ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಮೆಸೇಜು ಹಾಕಿದ್ದಕ್ಕೆ ಬಂದ ಉತ್ತರ ಒಂದೇ ಮಾತು: “ಸರಿ.” ಬಸ್ಸಿನಲ್ಲಿ ಅವಳು ಅದನ್ನು ನಾಲ್ಕು ಸಲ ತೆಗೆದು ನೋಡಿದ್ದಳು. ಆ ಎರಡು ಅಕ್ಷರಗಳ ಹಿಂದೆ ಮಗಳ ಮುಖ ಹೇಗಿತ್ತು ಎಂಬುದು ಫೋನಿನಲ್ಲಿ ಕಾಣುವುದಿಲ್ಲ.

ಮಗಳಿಗೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಏಳರಿಂದ ಎರಡರವರೆಗೆ. ಇವತ್ತು ಕೆಲಸ ತೋರಿಸಿಕೊಡುವ ದಿನ. ಸೋಮವಾರದಿಂದ ಇವಳು ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿಗೆ ಬದಲಾಗುವುದು, ಬೆಳಿಗ್ಗೆಯೆಲ್ಲ ಮಗು ಇವಳ ಹತ್ತಿರ ಇರುವುದು ಎಂದು ಲೆಕ್ಕ ಹಾಕಿಯಾಗಿತ್ತು. ಮೂರು ವಾರದ ಹಿಂದೆ ಆ ಲೆಕ್ಕ ತಪ್ಪಿತು. ಅವತ್ತು ತಟ್ಟೆ ಹಸಿರು ಬಣ್ಣದ್ದಲ್ಲ ಎಂದು ಜೀರುಂಡೆ ರಚ್ಚೆ ಹಿಡಿದಿತ್ತು. ಹಸಿರು ತಟ್ಟೆ ಕೊಟ್ಟರೆ ಈಗ ಅದೂ ಬೇಡ. ಇವಳು ಮಗುವನ್ನು ಎತ್ತಿಕೊಂಡು ಹೋಗಿ ಮಲಗುವ ಕೋಣೆಯಲ್ಲಿ ಬಿಟ್ಟು ಬಾಗಿಲು ಎಳೆದುಕೊಂಡಳು. ಹಿಡಿಕೆ ಕೈಯಲ್ಲಿದ್ದ ಹಾಗೆಯೇ ಹಿಂತಿರುಗಿ ನೋಡಿದರೆ ಮಗಳು, ಹೆಗಲ ಮೇಲಿನ ಚೀಲವನ್ನು ಇನ್ನೂ ಇಳಿಸದೆ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಬಂದು ಬಾಗಿಲು ತೆಗೆದು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. “ಎರಡೇ ನಿಮಿಷ ಕಣೇ,” ಎಂದಳು ಇವಳು. “ನನಗೂ ಎರಡೇ ನಿಮಿಷ ಅಂತಿದ್ದೆ,” ಎಂದಳು ಮಗಳು. “ಒಳಗಿರೋರಿಗೆ ಗಡಿಯಾರ ಇರಲ್ಲಮ್ಮ.” ಅಷ್ಟೇ ಮಾತು. ಮಗಳು ಸ್ನಾನಕ್ಕೆ ಹೋದರೆ ಇವತ್ತಿಗೂ ಚಿಲಕ ಹಾಕುವುದಿಲ್ಲ, ಬಾಗಿಲಿಗೆ ಒಂದು ಬಕೆಟ್ಟು ಒರಗಿಸಿಡುತ್ತಾಳೆ. “ನಮ್ಮನೆಯಲ್ಲಿ ಬಚ್ಚಲಿಗೆ ಬಕೆಟ್ಟೇ ಕಾವಲುಗಾರ” ಎಂದು ಬಂದವರ ಮುಂದೆಲ್ಲ ಇವಳು ನಗೆಯಾಡಿದ್ದಳು, ವರ್ಷಗಟ್ಟಲೆ. ಆ ಬಕೆಟ್ಟು ಅಲ್ಲಿ ಯಾಕೆ ಬಂತು ಎಂಬುದು ಅವತ್ತು, ಆ ಹಿಡಿಕೆ ಕೈಯಲ್ಲಿದ್ದಾಗ ಹೊಳೆಯಿತು. ಆಮೇಲೆ ಈ ಮೂರು ವಾರ ಮಗಳು ಮಗುವನ್ನು ಇವಳ ಹತ್ತಿರ ಬಿಡಲಿಲ್ಲ. ನಿನ್ನೆ ರಾತ್ರಿ ಫೋನು ಮಾಡಿ, “ನಾಳೆ ಒಂದು ದಿನ ನೋಡೋಣ. ಎರಡೂವರೆಗೆ ಬರ್ತೀನಿ. ಆಮೇಲೆ ಲ್ಯಾಬಿಗೆ ಹೇಳ್ತೀನಿ, ಸೋಮವಾರದಿಂದ ಬರ್ತೀನೋ ಇಲ್ವೋ ಅಂತ” ಎಂದಳು. ತಾಯಿಯನ್ನು ಹೀಗೆ ಪರೀಕ್ಷೆಗೆ ಕೂರಿಸುವುದುಂಟೇ ಎಂದು ಇವಳಿಗೆ ಅವಮಾನವಾಯಿತು. ಫೇಲಾದರೆ ಏನು ಗತಿ ಎಂದು ಅದಕ್ಕಿಂತ ದೊಡ್ಡ ಭಯವಾಯಿತು.

“ಆಂಟೀ, ಇದು ಬಿಗಿ ಅಂತಿದಾನೆ ನೋಡಿ,” ಎಂದಳು ಎದುರಿನ ಹೆಂಗಸು. ದಪ್ಪ ಹುಡುಗನೊಬ್ಬನ ತಾಯಿ. ಐದು ನಿಮಿಷದ ಹಿಂದೆ ಅವನು ಕುರ್ಚಿಯಿಂದ ಜಾರಿ ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದವನು ಇಲಿ ಆಟಕ್ಕೆ ಎದ್ದು ಕೂತಿದ್ದ. “ನಿಮ್ಮನೇಲಿ ಮಕ್ಕಳು ಅಳೋದೇ ಇಲ್ವೇನೋ,” ಎಂದು ಆಕೆ ಮೆಚ್ಚಿದ್ದಳು. ಇವಳು ಮಾತು ಹೊರಳಿಸಿ ಪೆಟ್ಟಿಗೆ ತೆಗೆದಿದ್ದಳು. ಈಗ ಆ ಹುಡುಗನ ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ನೋಡುತ್ತಿರುವಾಗ ಪಕ್ಕದಲ್ಲಿ “ಅಜ್ಜೀ, ನೋಡು!” ಎಂಬ ದನಿ. ಕಣ್ಣಿನ ಅಂಚಿನಲ್ಲಿ, ಮನೆಯಿಂದ ತೊಡಿಸಿ ತಂದಿದ್ದ ಎರಡು ಪುಟ್ಟ ನೀಲಿ ಶೂಗಳು, ಚರ್ರನೆ ಎಳೆದು ಅಂಟಿಸುವ ಪಟ್ಟಿಯವು, ಎಡಗಾಲಿನದು ಬಲಕ್ಕೆ, ಬಲಗಾಲಿನದು ಎಡಕ್ಕೆ, ಬಾತುಕೋಳಿಯ ಹಾಗೆ ಮೂತಿಗಳನ್ನು ಹೊರಕ್ಕೆ ಚಾಚಿಕೊಂಡು. ಅವಳ ಕೈಗಳು ಹೋದವು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಎಲ್ಲಿ ಅದಲುಬದಲಾದ ಶೂ ಕಂಡರೂ ಆ ಕೈಗಳು ಹೀಗೆಯೇ ಹೋಗುತ್ತಿದ್ದವು. ಗುರುತು ಪರಿಚಯವಿಲ್ಲದ ಮಕ್ಕಳ ಕಾಲ ಬುಡದಲ್ಲಿ ಅಮ್ಮ ಬಗ್ಗಿದಾಗಲೆಲ್ಲ ಮಗಳು ನಾಚಿಕೆಯಿಂದ ಬೇರೆ ಕಡೆ ತಿರುಗುತ್ತಿದ್ದಳು. ಎರಡು ಸಲ ಚರ್ರ್, ಎರಡು ಶೂ ಆಚೆ, ಬದಲಿಸಿ ಒಳಗೆ, ಮತ್ತೆ ಎರಡು ಪಟ್ಟಿ, ಮೂತಿಯ ಮೇಲೊಂದು ತಟ್ಟು. “ಹಾಂ, ಈಗ ಸರಿಹೋಯ್ತು.” ಇನ್ನೊಂದು ಕೈ ಆಗಲೇ ದಪ್ಪ ಹುಡುಗನ ಕಾಲಿಗೆ ಮರಳಿತ್ತು. ಅವಳು ಮಗುವಿನ ಮುಖವನ್ನು ನೋಡಿಯೇ ಇರಲಿಲ್ಲ.

ಆ ಮುಖದಲ್ಲಿ ಏನಿತ್ತು ಎಂಬುದು ಅದು ಇಲ್ಲವಾದ ಮೇಲೆ ತಿಳಿಯಿತು. ಅರ್ಧ ಗಂಟೆಯಿಂದ ಬೆನ್ನ ಹಿಂದೆ ಕೇಳಿಸುತ್ತಿದ್ದ ಉಸಿರು, ಗೊಣಗು, ಮತ್ತೆ ಮತ್ತೆ ಕಿತ್ತುಬರುತ್ತಿದ್ದ ಪಟ್ಟಿಯ ಸದ್ದು. ಅದೆಲ್ಲ ಇದೇ ಆಗಿತ್ತು. ಹುಟ್ಟಿದಾರಭ್ಯ ಯಾರೋ ತೊಡಿಸುತ್ತಿದ್ದ ಶೂಗಳನ್ನು ಮಗು ಮೊದಲ ಸಲ ತಾನೇ ತೊಟ್ಟು, ಈ ಲೋಕದಲ್ಲಿ ಶೂ ಬಗ್ಗೆ ಎಲ್ಲ ಬಲ್ಲ ಒಬ್ಬಳಿಗೆ ತೋರಿಸಲು ಬಂದಿತ್ತು. ಒಂದು ಗಳಿಗೆ ಅದರ ಬಾಯಿ ತೆರೆದುಕೊಂಡೇ ಇತ್ತು, ದನಿ ಇಲ್ಲ. ಆಮೇಲೆ ದನಿ ಬಂತು. ಕನ್ನಡಿಯ ಮುಂದೆ ನಿಂತಿದ್ದವರು ಬೆಚ್ಚಿ ತಿರುಗಿದರು. ಜೀರುಂಡೆ ನೆಲಕ್ಕೆ ಬಿತ್ತು, ಬೆನ್ನು ಬಿಲ್ಲಾಯಿತು, ಹಿಮ್ಮಡಿಗಳು ಟೈಲ್ಸಿಗೆ ಬಡಿದವು, ಒಂದು ಶೂ ಹಾರಿ ಹೋಗಿ ಜೋಡಿಸಿಟ್ಟ ಪೆಟ್ಟಿಗೆಗಳ ಸಾಲನ್ನು ಉರುಳಿಸಿತು. ಅವಳು ಗಾಬರಿಯಲ್ಲಿ ತನಗೆ ಗೊತ್ತಿದ್ದ ಒಂದೇ ಮಂತ್ರ ಹಾಕಿದಳು: ಪಾದ ಹಿಡಿದು, “ಇಲಿ ಎಲ್ಲಿ ಹೋಯ್ತು? ಇಲಿ...” ಆ ಪಾದ ನೇರ ಬಂದು ಅವಳ ಕನ್ನಡಕಕ್ಕೆ ಬಡಿಯಿತು. ಕನ್ನಡಕ ದೂರ ಸರಿದು ಯಾರದೋ ಚಪ್ಪಲಿಯ ಹತ್ತಿರ ನಿಂತಿತು. ಮಂಜು ಮಂಜಾದ ಅಂಗಡಿಯಲ್ಲಿ ಯಾರೋ ಕಿಸಕ್ಕೆಂದರು. “ಅಯ್ಯೋ, ಅವರದ್ದೇ ಮೊಮ್ಮಗಳಂತೆ,” ಎಂದಿತು ದಪ್ಪ ಹುಡುಗನ ತಾಯಿಯ ದನಿ, ಪಿಸುಮಾತು ಎಂದು ತಿಳಿದುಕೊಂಡು.

ಸಿಟ್ಟು ಅವಳಿಗೆ ಪಾದದಿಂದ ಬರುತ್ತದೆ. ಮೊದಲಿನಿಂದಲೂ ಹಾಗೇ. ಹಿಮ್ಮಡಿ ಬಿಸಿಯಾಗಿ, ಮೀನಖಂಡ ಬಿಗಿದು, ಹೆಗಲಿಗೆ ಹತ್ತಿ, ಕೈಗೆ ಇಳಿಯುತ್ತದೆ. ಅವಳ ಕೈ ಮಗುವಿನ ರಟ್ಟೆ ಹಿಡಿದು ಎತ್ತಿತ್ತು. ನಾಲ್ಕು ಹೆಜ್ಜೆಗೆ ಗೋಡೌನಿನ ಬಾಗಿಲು. ಸ್ಪ್ರಿಂಗು ಹಾಕಿದ ಬಾಗಿಲು, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಹೆಗಲಿನಿಂದ ಅದನ್ನು ತಳ್ಳಿದಾಗ ಒಳಗಿನ ಕತ್ತಲೆಯಿಂದ ಅಂಟು, ರಬ್ಬರು, ರಟ್ಟಿನ ವಾಸನೆ ಮುಖಕ್ಕೆ ಬಂತು. ಯಜಮಾನರು ಕೌಂಟರಿನಿಂದಲೇ ಕೂಗಿ ಹೇಳಿದರು: “ಒಳಗೆ ಬಿಟ್ಟು ಬಾಗಿಲು ಹಾಕ್ಬಿಡಿ ಅಕ್ಕಾ. ಎರಡು ನಿಮಿಷ ಅತ್ತು ತಾನೇ ಸುಮ್ಮನಾಗುತ್ತೆ.” ತನ್ನ ಮಾತನ್ನೇ ಬೇರೆಯವರ ಬಾಯಲ್ಲಿ ಕೇಳಿದ ಹಾಗಾಯಿತು. ಹೌದು, ಸುಮ್ಮನಾಗುತ್ತೆ. ಸುಮ್ಮನಾಗುತ್ತಿತ್ತು. ಅಂಗಡಿಗೆ ಹೊಸದಾಗಿ ಸೇರಿದ ವರ್ಷ, ದಿನವಿಡೀ ಕುಕ್ಕರಗಾಲಲ್ಲಿ ಕೂತು ಊದಿದ ಕಾಲುಗಳನ್ನು ಎಳೆದುಕೊಂಡು ಮನೆಗೆ ಬಂದರೆ ಮೂರು ವರ್ಷದ ಮಗಳು ಯಾವುದೋ ಗುಂಡಿ ತಾನೇ ಹಾಕಬೇಕಿತ್ತೆಂದು, ಬಾಗಿಲು ತಾನೇ ತೆಗೆಯಬೇಕಿತ್ತೆಂದು ರಂಪ ಮಾಡುತ್ತಿದ್ದಳು. ಬಚ್ಚಲಿಗೆ ಹಾಕಿ ಚಿಲಕ ಎಳೆದು, ಆ ಬಾಗಿಲಿಗೇ ಬೆನ್ನು ಕೊಟ್ಟು ಇವಳು ನೆಲದ ಮೇಲೆ ಕೂರುತ್ತಿದ್ದಳು. ಬೆನ್ನಿಗೆ ಪುಟ್ಟ ಮುಷ್ಟಿಗಳ ಗುದ್ದು ತಾಗುತ್ತಿತ್ತು. ಬರಬರುತ್ತಾ ಗುದ್ದು ನಿಲ್ಲುತ್ತಿತ್ತು. ಬಾಗಿಲು ತೆಗೆದರೆ ಮಗಳು ಮೂಲೆಯಲ್ಲಿ ಕೂತು, ತೊಟ್ಟಿಕ್ಕುವ ನಲ್ಲಿಗೆ ಒಂದು ಬೆರಳು ಒಡ್ಡಿಕೊಂಡಿರುತ್ತಿದ್ದಳು. ಗೆದ್ದೆ ಎಂದುಕೊಂಡಿದ್ದಳು ಇವಳು. ನಾಲ್ಕು ವರ್ಷ ತುಂಬುವ ಹೊತ್ತಿಗೆ ಮಗಳು ರಂಪ ಮಾಡುವುದನ್ನೇ ಬಿಟ್ಟಳು. ಮತ್ತೆ ಯಾವತ್ತೂ ಮಾಡಲಿಲ್ಲ. ಎಷ್ಟು ಒಳ್ಳೆಯ ಮಗು, ಎಂದರು ಎಲ್ಲರೂ.

ರಟ್ಟೆಯ ಮೇಲಿದ್ದ ತನ್ನ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸಿದಳು. ಹೊಸಿಲ ಮೇಲೆಯೇ, ಅರ್ಧ ಒಳಗೆ ಅರ್ಧ ಹೊರಗೆ, ಕೂತುಬಿಟ್ಟಳು. ಮುಚ್ಚಿಕೊಳ್ಳಲು ಬಂದ ಬಾಗಿಲಿಗೆ ಬೆನ್ನು ಕೊಟ್ಟಳು. ಸ್ಪ್ರಿಂಗು ಬೆನ್ನುಮೂಳೆಯನ್ನು ಒತ್ತುತ್ತಿತ್ತು. ಒತ್ತಲಿ ಎಂದು ಬಿಟ್ಟಳು. ಮಗು ಅವಳ ಎದುರಿಗೆ, ಅಂಗಡಿಯ ಬೆಳಕಿನಲ್ಲಿ ಬಿದ್ದು ಹೊರಳಾಡುತ್ತಿತ್ತು. ಅದರ ತಲೆಗೆ ತಾಗುವಂತಿದ್ದ ಸ್ಟೂಲನ್ನು ಕಾಲಿನಿಂದ ಆಚೆ ಸರಿಸಿದಳು. “ಇಲ್ಲೇ ಇದೀನಿ,” ಎಂದಳು. ಅಷ್ಟೇ ಹೇಳಲು ತೋಚಿದ್ದು. “ಹೋಗು! ಅಜ್ಜಿ ಹೋಗು!” ಎಂದು ಚೀರಿತು ಜೀರುಂಡೆ. “ಸ್ವಲ್ಪ ದೂರ ಕೂತ್ಕೋತೀನಿ. ಹೋಗಲ್ಲ.” ಒಂದು ಗೇಣು ಹಿಂದೆ ಸರಿದಳು. ಕೌಂಟರಿನ ಹುಡುಗಿ ಓಡಿ ಬಂದು ಅವಳ ಕನ್ನಡಕವನ್ನೂ ಒಂದು ಕೆಂಪು ಬಲೂನನ್ನೂ ಚಾಚಿದಳು. ಬಲೂನನ್ನು ಕಂಡದ್ದೇ ಮಗುವಿನ ದನಿ ಇನ್ನೊಂದು ಸುತ್ತು ಮೇಲೇರಿತು. “ಬಲೂನು ಬೇಡ ಬಿಡಮ್ಮ,” ಎಂದಳು. “ಅವಳಿಗೆ ಅಳು ಬಂದಿದೆ. ಅಳಲಿ.”

ಯಜಮಾನರು ಹತ್ತಿರ ಬಂದು ಬಗ್ಗಿದರು. ಅವರು ನಿಕ್ಕರು ಹಾಕಿಕೊಂಡು ಇದೇ ಅಂಗಡಿಯಲ್ಲಿ ಓಡಾಡಿದ್ದನ್ನು ಕಂಡವಳು ಅವಳು. “ಅಕ್ಕಾ, ಏನಿದು ನೀವೂ ನೆಲದ ಮೇಲೆ. ಗಿರಾಕಿಗಳು ಕಾಯ್ತಿದಾರೆ.”

“ಕಾಯ್ಲಿ,” ಎಂದಳು.

ಇಪ್ಪತ್ತಾರು ವರ್ಷಗಳಲ್ಲಿ ಗಿರಾಕಿಗಳ ಬಗ್ಗೆ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಯಜಮಾನರಿಗಿಂತ ಅವಳಿಗೇ ಹೆಚ್ಚು ಆಶ್ಚರ್ಯವಾಯಿತು. ಅವರು ಅವಳ ಮುಖ ನೋಡಿ, ತಾವೇ ಹೋಗಿ ದಪ್ಪ ಹುಡುಗನ ಮುಂದಿನ ಸ್ಟೂಲಿನ ಮೇಲೆ ಕೂತರು. ಅಳತೆಯ ಹಲಗೆಯನ್ನು ತಿರುವುಮುರುವಾಗಿ ಹಿಡಿದರು. ಅದು ಅವಳಿಗೆ ಕಂಡಿತು, ತಿದ್ದಲು ಏಳಲಿಲ್ಲ. ಎಲ್ಲರ ಕಣ್ಣು ತನ್ನ ಮೇಲಿದೆ, ಸೆರಗು ಜಾರಿದೆ, ತುಟಿ ಒಣಗಿದೆ, ಮಂಡಿ ಸಿಡಿಯುತ್ತಿದೆ. ಕಿವಿಯಲ್ಲಿ ಆ ದನಿ ಮೊಳೆ ಹೊಡೆದ ಹಾಗೆ. ಎದ್ದು ಓಡಿಹೋಗಬೇಕು, ಇಲ್ಲ ಒಂದು ಏಟು ಹಾಕಬೇಕು, ಇಲ್ಲ ತಾನೂ ಹೀಗೆಯೇ ನೆಲಕ್ಕೆ ಬಿದ್ದು ಕಾಲು ಬಡಿಯಬೇಕು ಅನ್ನಿಸಿತು. ಮೂರನೆಯದು ಹೊಳೆದಾಗ ಅವಳಿಗೆ ನಗು ಬರುವಂತಾಯಿತು. ಬಚ್ಚಲ ಬಾಗಿಲ ಹೊರಗೆ ತಾನು ಮಾಡುತ್ತಿದ್ದುದು ಅದನ್ನೇ ಅಲ್ಲವೇ? ಮಗುವಿಗೆ ಬುದ್ಧಿ ಕಲಿಸಲು ಚಿಲಕ ಹಾಕಿದ್ದಲ್ಲ. ತನ್ನನ್ನು ತಾಳಿಕೊಳ್ಳಲು ಆಗದೆ ಹಾಕಿದ್ದು. ಈಗ ಒಳಗೂ ಇಲ್ಲ, ಹೊರಗೂ ಇಲ್ಲ, ಹೊಸಿಲ ಮೇಲೆ ಕೂತು ನೋಡಿದರೆ ಆ ಅಳು ಬರೀ ಮೊಳೆಯಾಗಿರಲಿಲ್ಲ. ಅದಕ್ಕೆ ಏರಿಕೆಯಿತ್ತು, ಇಳಿಕೆಯಿತ್ತು, ನಡುವೆ ಉಸಿರು ಎಳೆದುಕೊಳ್ಳುವ ಜಾಗವಿತ್ತು. ಆ ಜಾಗದಲ್ಲಿ ಒದ್ದೆ ಕಣ್ಣೊಂದು ಕೂದಲ ಸಂದಿಯಿಂದ ಇವಳು ಇದ್ದಾಳೋ ಹೋದಳೋ ಎಂದು ನೋಡುತ್ತಿತ್ತು. ಪ್ರತಿ ಸಲವೂ ಇವಳು ಇದ್ದಳು.

ಅಳುವಿನ ಏರಿಕೆ ಗಿಡ್ಡವಾಯಿತು. ಬಿಕ್ಕು ಉಳಿಯಿತು. ಬಿಕ್ಕಿನ ನಡುವೆ ಮಾತು: “ನಾನೇ... ನಾನೇ ಹಾಕ್ಕೊಂಡಿದ್ದೆ.”

“ಹೌದು. ನೀನೇ ಹಾಕ್ಕೊಂಡಿದ್ದೆ.”

“ನೀನು ಕಿತ್ತೆ.”

“ಕಿತ್ತುಬಿಟ್ಟೆ. ನಿನ್ನ ಕೇಳಲೇ ಇಲ್ಲ.”

“ಕೇಳ್ಬೇಕು.”

“ಕೇಳ್ಬೇಕಿತ್ತು. ತಪ್ಪಾಯ್ತು.”

ಮಗು ಎದ್ದು ಕೂತಿತು. ಮೂಗಿನಿಂದ ಇಳಿಯುತ್ತಿದ್ದುದನ್ನು ತೋಳಿಗೆ ಒರೆಸಿಕೊಂಡಿತು. ಕಾಲಲ್ಲಿ ಉಳಿದಿದ್ದ ಶೂ ಬಿಚ್ಚಿತು, ಇನ್ನೊಂದನ್ನು ಉರುಳಿದ ಪೆಟ್ಟಿಗೆಗಳ ನಡುವಿನಿಂದ ಹುಡುಕಿ ತಂದಿತು. ಎರಡನ್ನೂ ಮುಂದಿಟ್ಟುಕೊಂಡು ಧ್ಯಾನಕ್ಕೆ ಕೂತವರ ಹಾಗೆ ನೋಡಿತು. ಆಮೇಲೆ ಬಲಗಾಲಿನ ಶೂ ಎತ್ತಿ ಎಡಗಾಲಿಗೆ ತೂರಿಸಿತು. ಅವಳ ಕೈ ತಾನಾಗಿ ಎದ್ದಿತು. ಅದನ್ನು ಹಿಡಿದು ಕಂಕುಳಲ್ಲಿ ಇಟ್ಟುಕೊಂಡಳು, ಇನ್ನೊಂದನ್ನೂ. ಪಟ್ಟಿ ಓರೆಯಾಗಿ ಅಂಟಿತು, ಕಿತ್ತುಬಂತು, ಮತ್ತೆ ಅಂಟಿತು. ನಾಲಿಗೆ ತುಟಿಯ ಮೂಲೆಯಿಂದ ಹೊರಬಂದಿತ್ತು. ಎರಡನೆಯ ಪಟ್ಟಿ ಕೂತಾಗ ಜೀರುಂಡೆ ಎದ್ದು ನಿಂತು, ಎರಡೂ ಕಾಲನ್ನು ನೆಲಕ್ಕೆ ಒಮ್ಮೆ ಕುಟ್ಟಿ, ಮುಖ ಎತ್ತಿತು. ಈ ಸಲ ಅವಳು ಮುಖವನ್ನೇ ನೋಡುತ್ತಿದ್ದಳು.

“ಅಮ್ಮಾ, ನಾನೂ ನಾನೇ ಹಾಕ್ಕೋತೀನಿ,” ಎಂದ ದಪ್ಪ ಹುಡುಗ ಯಜಮಾನರ ಕೈಯಿಂದ ಕಾಲು ಬಿಡಿಸಿಕೊಂಡು.

“ಮುಗೀತು ಇವತ್ತಿನ ಕಥೆ,” ಎಂದಳು ಅವನ ತಾಯಿ. ಯಾರೋ ನಕ್ಕರು. ಯಜಮಾನರೂ ನಕ್ಕು, ಸೋತವರ ಹಾಗೆ ಸ್ಟೂಲು ಬಿಟ್ಟೆದ್ದರು.

ಅಲ್ಲಿಂದ ಎರಡೂವರೆಯವರೆಗೆ ಅವಳು ಹದಿನಾಲ್ಕು ಮಕ್ಕಳಿಗೆ ಶೂ ನೋಡಿದಳು. ಕಣ್ಣ ಅಂಚಿನಲ್ಲಿ ಆ ಬಾತುಕೋಳಿ ಹೆಜ್ಜೆಗಳು ಕನ್ನಡಿಯಿಂದ ಕೌಂಟರಿಗೆ, ಕೌಂಟರಿನಿಂದ ಕನ್ನಡಿಗೆ ಓಡಾಡುತ್ತಲೇ ಇದ್ದವು. ಪ್ರತಿ ಹೆಜ್ಜೆಗೂ ಅವಳ ಬೆರಳುಗಳು ತುರಿಸಿದವು. ಒಂದು ಸಲ ಶೂ ಕಾಲ್ಬೆರಳಿಗೆ ಕಚ್ಚುತ್ತಿದೆಯೇ ಎಂದು ಮಗುವನ್ನು ಕೇಳಿದಳು, ಕೈ ಹಿಂದಿಟ್ಟುಕೊಂಡು. “ಇಲ್ಲ,” ಎಂದಿತು ಮಗು. ಮಕ್ಕಳ ಆ ‘ಇಲ್ಲ’ವನ್ನು ನಂಬಬಾರದು ಎಂಬುದು ಅವಳ ಇಡೀ ಕಸುಬಿನ ಸಾರ. “ಕಚ್ಚಿದ್ರೆ ಹೇಳು,” ಎಂದು ನಂಬಿದಳು.

ಮಗಳು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ನಡೆದದ್ದನ್ನು ಇವಳು ಮುಚ್ಚಿಡಬಹುದಿತ್ತು. ಮಗು ಈಗ ನಗುತ್ತಾ ಓಡಿಹೋಗಿ ಅಮ್ಮನ ಕಾಲು ತಬ್ಬಿಕೊಂಡಿತ್ತು. ಆದರೆ ಅವಳು ಸ್ಟೂಲಿನಿಂದ ಎದ್ದು ನಿಂತು, ಪಾಠ ಒಪ್ಪಿಸುವವಳ ಹಾಗೆ ಹೇಳಿಬಿಟ್ಟಳು: “ರಚ್ಚೆ ಹಿಡಿದಳು. ಜೋರಾಗಿ. ತಪ್ಪು ನಂದೇ.”

ಮಗಳ ಮುಖ ಬಿಗಿಯಿತು. ಕಣ್ಣು ಗೋಡೌನಿನ ಬಾಗಿಲಿಗೆ ಹೋಗಿ ಬಂತು. “ಎಷ್ಟು ಹೊತ್ತು?”

“ಗೊತ್ತಿಲ್ಲ ಕಣೇ. ನಾನೂ ಜೊತೆಗೇ ಇದ್ದೆ. ಗಡಿಯಾರ ನೋಡಲಿಲ್ಲ.”

ಮಗಳು ಮಗುವಿನ ತಲೆ ಸವರುತ್ತಾ ಕೆಳಗೆ ನೋಡಿದಳು. ನೋಡುತ್ತಲೇ ಇದ್ದಳು. “ಅಮ್ಮ,” ಎಂದಳು ಕೊನೆಗೆ, “ಇವಳ ಶೂ...”

“ನೋಡಿದೀನಿ.”

“ಯಾವಾಗಿಂದ ಹೀಗಿದೆ?”

“ಹನ್ನೊಂದು ಗಂಟೆಯಿಂದ.”

“ನಿನ್ನ ಕಣ್ಣೆದುರಿಗೆ? ಮೂರೂವರೆ ಗಂಟೆ?”

“ಕೈ ಕಟ್ಕೊಂಡಿದ್ದೆ,” ಎಂದಳು ಅವಳು. “ಬೇಕಾದ್ರೆ ಯಜಮಾನ್ರನ್ನ ಕೇಳು.”

ಮಗಳು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾಗದೆ, ಬಾಯಿಗೆ ಕೈ ಅಡ್ಡ ಹಿಡಿದು, ಪೆಟ್ಟಿಗೆಗಳ ಸಾಲಿಗೆ ಒರಗಿ. ನಗುತ್ತಾ ನಗುತ್ತಾ ಅವಳ ಕಣ್ಣು ತುಂಬಿತು. ಒರೆಸಿಕೊಂಡು, ಅಲ್ಲಿಯೇ ನಿಂತು ಫೋನು ತೆಗೆದು ಲ್ಯಾಬಿಗೆ ಮಾಡಿದಳು. “ಸೋಮವಾರದಿಂದ ಬರ್ತೀನಿ ಮೇಡಂ. ಹಾಂ, ಮಗೂಗೆ ವ್ಯವಸ್ಥೆ ಆಯ್ತು. ನಮ್ಮಮ್ಮ ಇದಾರೆ.”

ಉಳಿದ ಅರ್ಧ ದಿನ ಯಜಮಾನರು ರಜೆ ಕೊಟ್ಟರು. ಬಸ್ ನಿಲ್ದಾಣದವರೆಗೆ ಮೂವರೂ ನಡೆದರು, ಮಗು ನಡುವೆ. ಬಿಸಿಲು ಅಂಗಡಿಗಳ ಷಟರುಗಳ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಹೇಳಲೋ ಬೇಡವೋ ಎಂದು ಇವಳು ಅರ್ಧ ಬೀದಿ ಯೋಚಿಸಿ, ಮುಂದೆ ನೋಡುತ್ತಲೇ ಹೇಳಿದಳು: “ಆಗ ಬಚ್ಚಲ ಹೊರಗಡೆ ಕೂತು ನಾನೂ ಅಳ್ತಿದ್ದೆ ಕಣೇ. ನೀನು ಸುಮ್ಮನಾದ್ರೆ ಗೆದ್ದೆ ಅಂದ್ಕೋತಿದ್ದೆ.”

“ಕೇಳಿಸ್ತಿತ್ತಮ್ಮ,” ಎಂದಳು ಮಗಳು. “ಅದಕ್ಕೇ ನಾನು ಸುಮ್ಮನಾಗ್ತಿದ್ದಿದ್ದು. ಇಲ್ದಿದ್ರೆ ನೀನು ನಿಲ್ಲಿಸ್ತಾನೇ ಇರ್ಲಿಲ್ಲ.”

ಅವಳ ಕಾಲು ಅಲ್ಲೇ ನಿಂತಿತು. ಮೂರು ವರ್ಷದ ಒಂದು ಕೂಸು, ಕತ್ತಲ ಬಚ್ಚಲಿನಲ್ಲಿ, ತನ್ನ ಅಳುವನ್ನು ನುಂಗಿಕೊಂಡು ಬಾಗಿಲಾಚೆಯ ತಾಯಿಯನ್ನು ಸಮಾಧಾನ ಮಾಡುತ್ತಿತ್ತು. ಗೆದ್ದೆನೆಂದುಕೊಂಡ ಪ್ರತಿ ಸಲವೂ ಅವಳನ್ನು ಗೆಲ್ಲಿಸಿದ್ದು ಆ ಕೂಸು. ಮಗಳು ಕೈ ಚಾಚಿ ಅವಳ ಜಾರಿದ ಸೆರಗನ್ನು ಹೆಗಲ ಮೇಲೆ ಎಳೆದು ಹಾಕಿದಳು. “ನಡಿ ಈಗ,” ಎಂದಳು. “ಇವತ್ತು ನಿಜವಾಗಿ ಗೆದ್ದಿದೀಯ. ಬಸ್ಸು ಬಂತು.”

ನಿಲ್ದಾಣದಲ್ಲಿ ಕೊಡೆ ಊರಿಕೊಂಡು ನಿಂತಿದ್ದ ಹಿರಿಯರೊಬ್ಬರು ಬಗ್ಗಿ ನೋಡಿದರು. “ಅಮ್ಮಾ, ಮಗು ಶೂ ಅದಲುಬದಲಾಗಿದೆ ನೋಡಿ. ಗಮನಿಸಿಲ್ಲ ಅಂತ ಕಾಣುತ್ತೆ.”

ಅವಳು ಬೆನ್ನು ನೆಟ್ಟಗೆ ಮಾಡಿದಳು. “ಇಪ್ಪತ್ತಾರು ವರ್ಷದಿಂದ ಶೂ ಅಂಗಡೀಲಿದೀನಿ ಸ್ವಾಮೀ,” ಎಂದು ಶುರು ಮಾಡಿದ್ದಳು. ಅಷ್ಟರಲ್ಲಿ ಜೀರುಂಡೆ ಅಮ್ಮನ ಕೈಯನ್ನೂ ಅಜ್ಜಿಯ ಕೈಯನ್ನೂ ಬಿಡಿಸಿಕೊಂಡು, ಎರಡೂ ಕಾಲನ್ನು ಟಪಟಪನೆ ಕುಟ್ಟಿ, ಬೀದಿಯ ತುದಿಗೆ ಕೇಳಿಸುವ ಆ ದನಿಯಲ್ಲಿ ಕೂಗಿತು:

“ನಾನೇ ಹಾಕ್ಕೊಂಡಿದ್ದು!”

“ಕೇಳಿಸ್ತಲ್ಲ?” ಎಂದಳು ಅವಳು ಆ ಹಿರಿಯರಿಗೆ, ಮೊಮ್ಮಗುವಿನ ಹಿಂದೆ ಬಸ್ಸಿನ ಮೆಟ್ಟಿಲು ಹತ್ತುತ್ತಾ.